ಅಕಾಲದ ಮಿಡಿತ

ನಿಂತು ನಿಂತು ನಡೆಯುವ ನಾಡಿಯು ಪ್ರಾಣಹಾರಿಯೆಂದು ಶಾರ್ಙ್ಗಧರಸಂಹಿತೆಯಲ್ಲಿ ಹೇಳಿದೆಯೆಂಬುದನ್ನು ನಾನು ಎಳವೆಯಲ್ಲಿಯೇ ನಮ್ಮೂರ ಪಂಡಿತರ ಬಾಯಿಂದ ಕೇಳಿದ್ದೆ. ಆದರೆ ಹಾವಿನಂತೆ, ಕಪ್ಪೆಯಂತೆ, ಹಂಸದಂತೆ ಗಮಿಸುವ ನಾಡಿಗಳ ವರ್ಣನೆಯ ನಡುವೆ ಆ ಮಾತೂ ಅಂದು ವಿನೋದವಾಗಿಯೇ ಕಿವಿಗೆ ಬಿದ್ದಿತ್ತು. ಷಷ್ಟ್ಯಬ್ದಿ ಕಳೆದ ಮೇಲೆ, ನಿದ್ದೆ ಬಾರದ ರಾತ್ರಿಗಳಲ್ಲಿ ನನ್ನ ಮಣಿಕಟ್ಟನ್ನು ನಾನೇ ಹಿಡಿದು ನೋಡುತ್ತಿರುವಾಗ, ಒಮ್ಮೊಮ್ಮೆ ನಾಡಿಯು ಮೌನವಾಗಿ, ಅದರ ಬೆನ್ನಿಗೇ ಎದೆಯೊಳಗೆ ಧಡಕ್ಕೆಂದು ಒದ್ದಂತಾಗತೊಡಗಿದಂದು ಆ ವಿನೋದ ಉಳಿಯಲಿಲ್ಲ.

“ಬಡಿತ ತಪ್ಪಿಲ್ಲ ಸಾರ್, ಒಂದು ಹೆಚ್ಚಾಗಿ ಬಡಿದಿದೆ” ಎಂದರು ಹೃದ್ರೋಗತಜ್ಞೆ. ಹೃತ್ಕುಕ್ಷಿಯ ಯಾವುದೋ ಒಂದು ಮೂಲೆಯು, ಅನ್ನ ಬೇಯುವ ಮೊದಲೇ ಪಂಕ್ತಿಯಲ್ಲಿ ಬಂದು ಕುಳಿತ ನೆಂಟನಂತೆ, ರಕ್ತವಿನ್ನೂ ತುಂಬದಿರುವಾಗಲೇ ಮಿಡಿದುಬಿಡುವುದರಿಂದ ಆ ಮಿಡಿತ ಮಣಿಕಟ್ಟಿನವರೆಗೆ ಬಾರದು. ಅನಂತರದ ದೀರ್ಘವಿರಾಮದಲ್ಲಿ ರಕ್ತ ಹೆಚ್ಚಾಗಿ ತುಂಬಿಕೊಂಡು ಮುಂದಿನ ಬಡಿತ ಬಲವಾಗುವುದು. ನಾನು ಹೆದರಿದ್ದೆಲ್ಲ ಆ ಸಭ್ಯ ಬಡಿತಕ್ಕೆ!

ಎಣಿಕೆಗೆಂದು ಎದೆಗೆ ತಂತಿಗಳನ್ನಂಟಿಸಿ ಕೊಟ್ಟ ಹೋಲ್ಟರ್ ಯಂತ್ರವು ಅಂಗಿಯ ಜೇಬಿನಲ್ಲಿ ಅಡಗುವಷ್ಟು ಚಿಕ್ಕದು. ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಇದರ ಪೂರ್ವರೂಪವನ್ನು ರಚಿಸಿದಾಗ ಅದರ ತೂಕ ಸುಮಾರು 38 ಕಿಲೋ. ಅದನ್ನು ಬೆನ್ನ ಮೇಲೆ ಹೊತ್ತವನ ಹೃದಯವು ಸಹಜವಾಗಿ ಬಡಿಯುವುದಾದರೂ ಹೇಗೆಂದು ನನಗೆ ಕುತೂಹಲ.

ದಿನವೊಂದರ ಸುಮಾರು 1 ಲಕ್ಷ ಬಡಿತಗಳಲ್ಲಿ ಅಕಾಲದವುಗಳ ಪಾಲೆಷ್ಟೆಂಬುದೇ ಮುಖ್ಯ ಪ್ರಶ್ನೆ. ಸ್ನಾಯು ದುರ್ಬಲವಾದ ಹೃದಯದಲ್ಲಿ ಇವು ಕಾಣಿಸಿಕೊಂಡರೆ ದೌರ್ಬಲ್ಯವು ಕಾರಣ, ಇವು ಕಾರ್ಯವೆಂದು ವೈದ್ಯರು ಬಹುಕಾಲ ನಂಬಿದ್ದರು. ಹೃದಯಾಘಾತವಾದವರಲ್ಲಿ ಇವನ್ನು ಔಷಧದಿಂದ ಅಡಗಿಸಹೋದ ಮಹಾಪರೀಕ್ಷೆಯೊಂದರಲ್ಲಿ ಸಾವುಗಳೇ ಹೆಚ್ಚಿದುವೆಂದು 1989ರಲ್ಲಿ ತಿಳಿದ ಬಳಿಕವಂತೂ ಇವುಗಳ ಗೊಡವೆಗೆ ಹೋಗದಿರುವುದೇ ಜಾಣತನವೆನಿಸಿತು. ಆದರೆ 1998ರಲ್ಲಿ ಮೇಯೋ ಕ್ಲಿನಿಕ್ಕಿನವರು, ಕೆಲವೇ ರೋಗಿಗಳಲ್ಲಾದರೂ, ಅಕಾಲದ ಮಿಡಿತಗಳನ್ನು ಅಡಗಿಸಿದೊಡನೆ ಕುಗ್ಗಿದ್ದ ಸ್ನಾಯು ಚೇತರಿಸಿಕೊಂಡುದನ್ನು ವರದಿಮಾಡಿದರು. ಕಾರ್ಯವೆಂದು ಬಗೆದದ್ದು ಕಾರಣವೂ ಆಗಬಹುದೆಂದಾಯಿತು. ತಾರ್ಕಿಕರ ಬೀಜವೃಕ್ಷನ್ಯಾಯಕ್ಕೆ ಇದಕ್ಕಿಂತ ಸಜೀವವಾದ ಉದಾಹರಣೆ ದೊರೆಯದು. ಮೂಲೆಯಿಂದ ಹೊರಟ ಮಿಡಿತವು ನಿಯತವಾದ ವಿದ್ಯುನ್ಮಾರ್ಗವನ್ನು ಬಿಟ್ಟು ಸ್ನಾಯುವಿನೊಳಗೇ ನಿಧಾನವಾಗಿ ಹರಡುವುದರಿಂದ ಹೃತ್ಕುಕ್ಷಿಯ ಗೋಡೆಗಳು ಒಮ್ಮೆಗೇ ಸಂಕುಚಿಸವು. ದಿನಕ್ಕೆ ಸಾವಿರಾರು ಬಾರಿ ಹೀಗಾಗುತ್ತಿದ್ದರೆ ಕೆಲವರ ಸ್ನಾಯು ಸೋಲುವುದು. 2010ರ ಮಿಷಿಗನ್ ಅಧ್ಯಯನವೊಂದರಲ್ಲಿ ಅಪಾಯದ ಗೆರೆ ಶೇಕಡಾ 24ರ ಆಸುಪಾಸಿಗೆ ಬಿದ್ದಿತು. ಶೇಕಡಾ 10ರ ಕೆಳಗೆ ಇಂಥ ದೌರ್ಬಲ್ಯ ವಿರಳ. ಕ್ಯಾಥೆಟರ್ ತೂರಿಸಿ ಆ ಮೂಲೆಯನ್ನು ಸುಟ್ಟರೆ ಹಲವರ ಹೃದಯ ಕೆಲವು ತಿಂಗಳಲ್ಲಿ ಮತ್ತೆ ಬಲಗೊಳ್ಳುವುದು.

ನನ್ನ ಪಾಲು ಆ ಗೆರೆಗಿಂತ ಬಹಳ ಕೆಳಗಿತ್ತು. ಎಕೋ ಪರೀಕ್ಷೆಯಲ್ಲಿ ಸ್ನಾಯುವೂ ದೃಢವಾಗಿತ್ತು. ಔಷಧ ಬೇಡ, ವರ್ಷದ ಮೇಲೆ ಇನ್ನೊಮ್ಮೆ ಎಕೋ ಮಾಡಿಸೋಣವೆಂದವರನ್ನು “ಕಾಫಿ?” ಎಂದು ಅಳುಕುತ್ತ ಕೇಳಿದೆ. “ಕುಡಿದಾಗ ಹೆಚ್ಚಾಗುತ್ತೆ ಅನಿಸಿದರೆ ಬಿಡಿ ಸಾರ್” ಎಂದರು. ಹಾಗೆಂದು ನನಗೆ ಈವರೆಗೆ ಅನಿಸಿಲ್ಲ.