ಮಾತಾಡುವಷ್ಟು ದೂರ

ಛಾಯಾಗ್ರಹಣದಲ್ಲಿ ಸ್ಟ್ಯಾಂಡರ್ಡ್ ಪ್ರೈಮ್ ಎಂದು ಕರೆಸಿಕೊಳ್ಳುವ ಲೆನ್ಸ್, ದೃಶ್ಯವನ್ನು ಹಿಗ್ಗಿಸಲೂ ಕುಗ್ಗಿಸಲೂ ಒಪ್ಪದೆ ಒಂದೇ ಸಂಗಮದೂರಕ್ಕೆ ಕಟ್ಟುಬಿದ್ದ ಲೆನ್ಸ್ ಆಗಿದೆ. ಬಹುದೂರದಿಂದ ಬರುವ ಬೆಳಕಿನ ಕಿರಣಗಳು ಮಸೂರವನ್ನು ಹಾದು ಎಷ್ಟು ದೂರದಲ್ಲಿ ಒಂದುಗೂಡುತ್ತವೆಯೋ ಆ ಅಂತರವೇ ಸಂಗಮದೂರ. ಈ ಅಂತರವು ಫಿಲ್ಮಿನ ಇಲ್ಲವೇ ಸಂವೇದಕದ ಕರ್ಣದ ಉದ್ದಕ್ಕೆ ಹತ್ತಿರವಾಗಿದ್ದರೆ ಚಿತ್ರವು ಕಣ್ಣಿಗೆ ಕಂಡಂತೆಯೇ ಮೂಡುತ್ತದೆ ಎಂಬ ಮಾತು ಕೈಪಿಡಿಗಳಲ್ಲಿ ರೂಢಿಯಾಗಿದೆಯಾದರೂ ಅದನ್ನು ಪೂರ್ತಿ ನಂಬಬೇಕಿಲ್ಲ, ಏಕೆಂದರೆ ಕಣ್ಣಿಗೆ ನಾಲ್ಕು ಅಂಚುಗಳ ಚೌಕಟ್ಟೇ ಇಲ್ಲ.

ರೂಢಿಯ ಮೂಲ ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿದೆ. ಅಲ್ಲಿನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಓಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮಿನ ಎರಡು ಚೌಕಟ್ಟುಗಳನ್ನು ಕೂಡಿಸಿ 24×36 ಮಿಲಿಮೀಟರಿನ ಚಿತ್ರವನ್ನು ರೂಪಿಸಿದರೆ, ಮ್ಯಾಕ್ಸ್ ಬೆರೆಕ್ ಅದಕ್ಕೆ 50 ಮಿಲಿಮೀಟರಿನ ಲೆನ್ಸ್ ಲೆಕ್ಕ ಹಾಕಿಕೊಟ್ಟರು; ಲೈಕಾ ಎಂಬ ಹೆಸರಿನಲ್ಲಿ ಆ ಕ್ಯಾಮೆರಾ 1925ರ ಲೈಪ್‌ಜಿಗ್ ಮೇಳಕ್ಕೆ ಬಂದಿತು. ಆ ಚೌಕಟ್ಟಿನ ಕರ್ಣ ಸುಮಾರು 43 ಮಿಲಿಮೀಟರ್ ಆಗಿರುವುದರಿಂದ ನ್ಯಾಯವಾಗಿ ಸ್ಟ್ಯಾಂಡರ್ಡ್ ಎನಿಸಬೇಕಾದದ್ದು 43, ಆದರೆ 50 ಎಂಬ ಸಂಖ್ಯೆಯೇ ಕುದುರಿಕೊಂಡಿತು. 1947-48ರಲ್ಲಿ ಭಾರತದಲ್ಲಿ ಓಡಾಡಿದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸ್ಸೊನ್ ಹೆಚ್ಚಾಗಿ ನೆಚ್ಚಿಕೊಂಡಿದ್ದೂ ಅದನ್ನೇ. ಈಗಿನ ಸಾಧಾರಣ ಡಿಜಿಟಲ್ ಕ್ಯಾಮೆರಾಗಳ ಸಂವೇದಕ ಇನ್ನೂ ಚಿಕ್ಕದಾಗಿ, ಅದರ ಕರ್ಣ 28 ಮಿಲಿಮೀಟರಿನಷ್ಟೇ ಇರುವ ಕಾರಣ ಅಲ್ಲಿ 50ರ ಕೆಲಸವನ್ನು 35 ಮಾಡುತ್ತದೆ.

ಪ್ರಸ್ತುತ ಲೇಖಕನ ಚೀಲಕ್ಕೆ ಹೊಸದಾಗಿ ಸೇರಿದ್ದು ಈ 35. ವರ್ಷಗಟ್ಟಲೆ ಜೂಮ್ ಲೆನ್ಸಿನ ಉಂಗುರ ತಿರುವಿ, ನಿಂತಲ್ಲಿಂದಲೇ ಬೀದರ್ ಕೋಟೆಯನ್ನೂ ಅಷ್ಟೂರಿನ ಗುಮ್ಮಟಗಳನ್ನೂ ಸೆರೆಹಿಡಿದು, ಕೊನೆಗೆ ತನ್ನ ಚಿತ್ರಗಳಿಗೂ ಅಂಗಡಿಯ ಕ್ಯಾಲೆಂಡರಿಗೂ ವ್ಯತ್ಯಾಸ ಕಾಣದಾದಾಗ ಬೇಸತ್ತು ಕೊಂಡದ್ದು ಅದು. ಹೊಸದೆಂಬುದು ಅಂಗಡಿಯವರ ಮಾತಷ್ಟೆ. 1875-76ರ ಸಮೀಕ್ಷೆಯ ಮೇಲೆ ಜೇಮ್ಸ್ ಬರ್ಜೆಸ್ ಬೀದರ್ ಮತ್ತು ಔರಂಗಾಬಾದ್ ಜಿಲ್ಲೆಗಳ ಪ್ರಾಚೀನ ಅವಶೇಷಗಳನ್ನು ಕುರಿತು 1878ರಲ್ಲಿ ವರದಿ ಹೊರತಂದ ಕಾಲದಲ್ಲಾಗಲಿ, ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕ ಲಾಲಾ ದೀನ್ ದಯಾಳರು ಗಾಜಿನ ಫಲಕಗಳನ್ನು ಹೊರಿಸಿಕೊಂಡು ಸೀಮೆಯೆಲ್ಲ ತಿರುಗಿದ ಕಾಲದಲ್ಲಾಗಲಿ, ಗುಲಾಂ ಯಜ್ದಾನಿಯವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲಿನ ಬೃಹತ್ ಗ್ರಂಥವನ್ನು 1947ರಲ್ಲಿ ಪ್ರಕಟಿಸಿದಾಗಲಾಗಲಿ, ಛಾಯಾಗ್ರಾಹಕರ ಕೈಯಲ್ಲಿದ್ದವು ಒಂದೇ ಸಂಗಮದೂರದ ಲೆನ್ಸುಗಳೇ. ಅವರಿಗೆ ಅನಿವಾರ್ಯವಾಗಿದ್ದುದನ್ನು ಈಗ ಹಣ ಕೊಟ್ಟು ವ್ರತದಂತೆ ಹಿಡಿಯಬೇಕಾಗಿದೆ.

ವ್ರತದ ಬಿಸಿ ಮೊದಲು ತಟ್ಟಿದ್ದು 1472ರ ಮಹಮೂದ್ ಗವಾನ್ ಮದರಸಾದ ಎದುರು. ಒಂದು ಬದಿ 205 ಅಡಿ, ಇನ್ನೊಂದು 180 ಅಡಿ ಇರುವ ಈ ಕಟ್ಟಡದ ಚಿಕ್ಕ ಬದಿಯನ್ನು ಈ ಲೆನ್ಸಿನಲ್ಲಿ ಇಡಿಯಾಗಿ ತುಂಬಿಕೊಳ್ಳಬೇಕಾದರೂ ಸುಮಾರು 270 ಅಡಿ ಹಿಂದೆ ಸರಿಯಬೇಕು, ಸರಿದರೆ ಹಳೆಯ ಊರಿನ ತಂತಿ, ಆಟೊ, ಗೋಡೆಗಳೆಲ್ಲ ನಡುವೆ ಬಂದು ನಿಲ್ಲುತ್ತವೆ. 1696ರ ಮದ್ದಿನ ಸ್ಫೋಟದಲ್ಲಿ ಒಂದು ಮಿನಾರನ್ನೂ ಮುಂಭಾಗದ ದೊಡ್ಡ ಪಾಲನ್ನೂ ಕಳೆದುಕೊಂಡ ಕಟ್ಟಡವನ್ನು ಇಡಿಯಾಗಿ ತೋರಿಸುವ ಹಟವೇ ತಪ್ಪೆಂದು ಲೆನ್ಸ್ ಹೇಳಿದಂತಾಗಿ, ಮೆರುಗು ಹೆಂಚು ಉಳಿದ ಜಾಗವೂ ಉದುರಿದ ಜಾಗವೂ ಕೂಡುವ ಅಂಚಿನತ್ತ ಕ್ಯಾಮೆರಾ ತಾನಾಗಿ ತಿರುಗಿತು.

ಬಿದ್ರಿ ಕೆಲಸದ ಮನೆಯಲ್ಲಿ ಕಥೆ ತಿರುಗುಮುರುಗು: ಅಲ್ಲಿ ಹಿಂದೆ ಸರಿಯಬೇಕಿತ್ತು, ಇಲ್ಲಿ ಹತ್ತಿರ ಹೋಗಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಮೊನೆಯಿಂದ ಬಳ್ಳಿಯ ಗೆರೆ ಗೀರಿ, ಉಳಿಯಿಂದ ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿಯನ್ನಿಟ್ಟು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿದ ಬಿಸಿ ದ್ರಾವಣ ಸೋಕಿದೊಡನೆ ಲೋಹ ಕಾಡಿಗೆಗಪ್ಪಾಗಿ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಕಪ್ಪು ವಸ್ತುವನ್ನು ಕಂಡ ಕ್ಯಾಮೆರಾದ ಬೆಳಕಳತೆ ಅದನ್ನು ಬೂದಿಬಣ್ಣಕ್ಕೆ ಎಳೆಯುವುದರಿಂದ ಬೆಳಕನ್ನು ಕೈಯಾರೆ ತಗ್ಗಿಸಬೇಕಾಗುತ್ತದೆ. ಹಳೆಯ ಫಿಲ್ಮಿನಲ್ಲಿ ಬೆಳಕು ಬಿದ್ದ ಬೆಳ್ಳಿಯೇ ಕಪ್ಪಾಗುತ್ತಿತ್ತು, ಇಲ್ಲಿ ಕಪ್ಪಾಗಲು ಒಪ್ಪದ್ದೇ ಬೆಳ್ಳಿ ಎಂಬುದನ್ನು ನೆನೆದರೆ ಎರಡು ಕಸುಬುಗಳು ಒಂದಕ್ಕೊಂದು ನೆಗೆಟಿವ್ ಇದ್ದಂತೆ ತೋರುತ್ತದೆ. ಬೆಳಕು ಒಳಬರುವ ರಂಧ್ರವನ್ನು, ಅಂದರೆ ಅಪರ್ಚರನ್ನು, ಹೊಸ ಲೆನ್ಸಿನಲ್ಲಿ ಎಫ್ 1.8ರವರೆಗೆ ತೆರೆಯಬಹುದಾಗಿದ್ದು, ಹಳೆಯ ಜೂಮಿನ 4.5ಕ್ಕೆ ಹೋಲಿಸಿದರೆ ಆರು ಪಟ್ಟು ಬೆಳಕು ದಕ್ಕುತ್ತದೆ. ಆದರೆ ಒಂದು ಅಡಿ ದೂರದಿಂದ ಹಾಗೆ ತೆರೆದರೆ ಸ್ಪಷ್ಟವಾಗಿ ಕಾಣುವ ಪದರ ಅರ್ಧ ಸೆಂಟಿಮೀಟರಿನಷ್ಟೇ ಆಗಿ, ಉಳಿಯ ಮೊನೆ ಚುರುಕಾಗಿದ್ದರೂ ಅದನ್ನು ಹಿಡಿದ ಬೆರಳು ಆಗಲೇ ಮಸುಕಾಗಿರುತ್ತದೆ.

ದೂರದ ಪ್ರಶ್ನೆಗೆ ಭಾಲ್ಕಿಯಲ್ಲಿ ಬೇರೆಯೇ ಅರ್ಥವಿದೆ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಬಲವಾಗಿದ್ದಾಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಈ ಸೀಮೆಯವರು ಇಂದಿಗೂ ಹೇಳುತ್ತಾರೆ. ಆ ಶಾಲೆಯನ್ನು ಯಾರಾದರೂ ರಸ್ತೆಯಾಚೆ ನಿಂತು, ಎಷ್ಟೇ ಬಲವಾದ ಲೆನ್ಸಿನಿಂದ ತೆಗೆದಿದ್ದರೂ ಚಿತ್ರಕ್ಕೆ ಸಿಗುತ್ತಿದ್ದದ್ದು ಬೋರ್ಡು ಮಾತ್ರ. ಕನ್ನಡ ಬೇಕಾದವರು ಹೊಸ್ತಿಲು ದಾಟಲೇಬೇಕಿತ್ತು.

ಔರಾದಿನ ಅಮರೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಇದೇ ನಿಯಮ ಎತ್ತುಗಳಿಗೂ ಅನ್ವಯಿಸಿತು. ಗಡಿಯಾಚೆ ಲಾತೂರು ಜಿಲ್ಲೆಯ ದೇವಣಿ ಊರಿನ ಹೆಸರು ಹೊತ್ತ ತಳಿಯಲ್ಲಿ ಮೈಯೆಲ್ಲ ಬಿಳುಪಾದವು, ಬಿಳಿ ಮೈಗೆ ಕರಿ ಮೋರೆಯವು, ಕರಿ ಬಿಳಿ ಮಚ್ಚೆಯವು ಎಂದು ಮೂರು ಬಗೆಗಳಿದ್ದು, ಕರಿ ಮೋರೆಯ ಒಂದು ಎತ್ತಿನ ಕಣ್ಣು ಚೌಕಟ್ಟಿನಲ್ಲಿ ದಕ್ಕಬೇಕಾದರೆ ಅದರ ಉಸಿರು ತಾಗುವಷ್ಟು ಹತ್ತಿರ ಹೋಗಬೇಕಾಯಿತು. ಅಷ್ಟು ಹತ್ತಿರ ಬಂದವನನ್ನು ಹಗ್ಗ ಹಿಡಿದ ಮಾಲೀಕ ಸುಮ್ಮನೆ ಬಿಡುತ್ತಾನೆಯೇ? “ಸರ, ಎತ್ತು ತಗೋತೀರೇನ್ರಿ, ಬರೀ ಫೋಟೋನೇ ತಗೋತೀರೇನ್ರಿ?” ಎಂಬ ಪ್ರಶ್ನೆ ಬಂದು, ಊರು, ಹೆಸರು, ಹಲ್ಲಿನ ಲೆಕ್ಕ, ಹೋದ ಸಲದ ರೇಟು ಎಂದು ಮಾತು ಬೆಳೆದ ಮೇಲೆ ತೆಗೆದ ಚಿತ್ರದಲ್ಲಿ ಎತ್ತಿನ ಪಕ್ಕ ಮಾಲೀಕನೂ ತನ್ನಿಷ್ಟದಂತೆ ನಿಂತಿದ್ದಾನೆ. ಜೂಮಿನಿಂದ ಕದ್ದು ತೆಗೆದ ಹಳೆಯ ಸಂತೆಯ ಚಿತ್ರಗಳಲ್ಲಿ ಮುಖಗಳು ಚೆನ್ನಾಗಿದ್ದರೂ ಯಾವ ಮುಖವೂ ತೆಗೆಯುವವನನ್ನು ನೋಡಿಲ್ಲ. ಲೇಖಕನಲ್ಲಿ ಉತ್ಸಾಹ ಮರಳಿತೆಂದರೆ ಅದಕ್ಕೆ ಗಾಜಿನ ಗುಣಕ್ಕಿಂತ ಈ ಮಾತುಕತೆಯೇ ಹೆಚ್ಚು ಕಾರಣವೆನ್ನಬೇಕು.

ಇಷ್ಟಾದರೂ ಪ್ರೈಮ್ ಲೆನ್ಸನ್ನು ಮಂತ್ರದಂಡವೆಂದು ಹೊಗಳುವವರ ಸಾಲಿಗೆ ಸೇರಬೇಕಿಲ್ಲ. ಮದುವೆ ಮಂಟಪದಲ್ಲಿ ಬೀಗರ ನಡುವೆ ಒಂದು ಹೆಜ್ಜೆ ಹಿಂದಿಡಲೂ ಜಾಗವಿಲ್ಲದ ಸ್ಟುಡಿಯೊದವರು ಜೂಮ್ ಬಿಡಲಾರರು, ಬಿಡಬೇಕಾಗಿಯೂ ಇಲ್ಲ; ಜಿಲ್ಲೆಯ ಬಯಲುಗಳಲ್ಲಿ ಮೇಯುವ ಕೃಷ್ಣಮೃಗಗಳಂತೂ ಮಾತಿಗೆ ಸಿಗುವಷ್ಟು ಹತ್ತಿರ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ, ಅವುಗಳ ಪಾಲಿಗೆಂದು ಹಳೆಯ ಜೂಮ್ ಇನ್ನೂ ಚೀಲದಲ್ಲಿದೆ.