ಪೆಟ್ರೋಲಿನ ನಾಳ

ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ನಾನು ಹೋಗಿದ್ದಾಗ, ಆತನ 1972ರ ಎಂ.ಜಿ.ಬಿ. ಕಾರಿನಿಂದ ಒಂದು ಮುಂಜಾನೆ ಪೆಟ್ರೋಲಿನ ಗಂಧವು ಬಂದಿತು. ಮೊಮ್ಮಗಳು ಆಗಲೇ ಒಳಗೆ ಕುಳಿತಿದ್ದಳು. “ಹಳೆಯ ಗಾಡಿ, ವಾಸನೆ ಸಹಜ, ಅಪ್ಪಾ” ಎಂದನು. ಧೂಮವಿದ್ದಲ್ಲಿ ಅಗ್ನಿಯೆಂದು ತರ್ಕದ ಪಾಠ ಹೇಳಿದವನು ನಾನು. ಧೂಮದವರೆಗೆ ಕಾಯಲು ಮನಸ್ಸಾಗದೆ ಮಗುವನ್ನು ಇಳಿಸಿಕೊಂಡೆನು. ಮುಚ್ಚಳವನ್ನೆತ್ತಿ ನೋಡಲು, ಕಾರ್ಬ್ಯುರೇಟರಿಗೆ ಹೋಗುವ ರಬ್ಬರು ನಾಳವು ಬಿರಿದು ತೊಟ್ಟಿಕ್ಕುತ್ತಿದ್ದಿತು. ಕೆಳಗೇ ಕಾದು ಸುಡುವ ಹೊಗೆಯ ಕೊಳವೆ! ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ 2021ರಿಂದ ನೂರಕ್ಕೆ ಹತ್ತರವರೆಗೆ ಎಥೆನಾಲು. ಹಳೆಯ ರಬ್ಬರಿಗೆ ಅದು ಹಿತವಲ್ಲವಂತೆ. ಮಗನು ಮಾತಾಡದೆ ಯಂತ್ರವನ್ನು ತಣಿಯಗೊಟ್ಟು, ಬ್ಯಾಟರಿಯ ತಂತಿಯನ್ನು ಕಳಚಿ, ಎಥೆನಾಲನ್ನು ತಾಳುವ ಹೊಸ ನಾಳವನ್ನು ತೊಡಿಸಿ ಬಿಗಿದನು. ತಂತಿಯನ್ನು ಮರಳಿ ಕೂಡಿಸಿ ಕೀಲಿಯನ್ನು ತಿರುಗಿಸಲು ಪಂಪು ಟಿಕ್ ಟಿಕ್ ಎಂದು ಮಿಡಿದು ಮೌನವಾಯಿತು. ಎರಡೇ ಆಸನಗಳ ಕಾರು. ಮೊಮ್ಮಗಳು ಮತ್ತೆ ಏರಿದಳು. ನಾನು ಬಾಗಿಲಲ್ಲೇ ನಿಂತು ಇನ್ನೊಮ್ಮೆ ಮೂಸಿ ನೋಡಿದೆನು.