ಮೇಜಿನ ಮೇಲಿನ ಯುದ್ಧಕ್ಕೂ ಎತ್ತು ಬೇಕು

ಪುಟಾಣಿ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಹಳೆಯ ಯುದ್ಧಗಳನ್ನು ಆಡುವ ಹವ್ಯಾಸವೊಂದಿದೆ. ವಾರ್‌ಗೇಮಿಂಗ್ ಅನ್ನುತ್ತಾರೆ. ಎಚ್.ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಇಂಥ ಆಟಕ್ಕೆ ನಿಯಮ ಬರೆದಿದ್ದರು. ನಾನು ಮತ್ತು ನನ್ನ ಇಬ್ಬರು ಸಹಪಾಠಿಗಳು ಐದು ವರ್ಷದಿಂದ ಇದರ ಹಿಂದೆ ಬಿದ್ದಿದ್ದೇವೆ. ಇಷ್ಟು ದಿನ ಆಡಿದ್ದೆಲ್ಲ ನೆಪೋಲಿಯನ್ ಕಾಲದ ಯುದ್ಧಗಳು. ಈ ವರ್ಷ ಕಾಲವನ್ನೇ ಬದಲಿಸಿದೆವು: 1791, ಮೂರನೇ ಮೈಸೂರು ಯುದ್ಧ.

ಈ ಆಟದಲ್ಲಿ ಹೊಸ ಕಾಲಕ್ಕೆ ಹೋಗುವುದೆಂದರೆ ಹೊಲಕ್ಕೆ ಹೊಸ ಬೆಳೆ ಹಾಕಿದ ಹಾಗೆ. ಎಲ್ಲ ಲೆಕ್ಕವೂ ಮೊದಲಿನಿಂದ. ಬೊಂಬೆಯ ಎತ್ತರ 28 ಮಿಲಿಮೀಟರೋ, 15 ಮಿಲಿಮೀಟರೋ? ದೊಡ್ಡದಾದರೆ ಮೀಸೆಗೂ ಬಣ್ಣ ಹಚ್ಚಬಹುದು, ಆದರೆ ಸೈನ್ಯ ಮೇಜಿನಲ್ಲಿ ಹಿಡಿಸುವುದಿಲ್ಲ. ನಾವು 15 ಆರಿಸಿಕೊಂಡೆವು. ಒಂದು ಬೊಂಬೆ ಅಂದರೆ 50 ಜನ. ಟಿಪ್ಪುವಿನ ಕಾಲಾಳುಗಳ ಅಂಗಿಯ ಮೇಲಿನ ಹುಲಿಪಟ್ಟೆ ಬರೆಯಲು ನಾಲ್ಕೇ ಕೂದಲಿನ ಬ್ರಷ್ ಬೇಕಾಯಿತು.

ಬಣ್ಣಕ್ಕಿಂತ ಕಷ್ಟವಾದದ್ದು ಯಾರು ಯಾವ ಪಕ್ಷ ಅನ್ನುವುದು. ವಾಟರ್ಲೂ ಆಡುವಾಗ ನೆಪೋಲಿಯನ್ ಸೋತರೆ ನಮ್ಮಲ್ಲಿ ಯಾರ ಮುಖವೂ ಸಪ್ಪಗಾಗುತ್ತಿರಲಿಲ್ಲ. ಟಿಪ್ಪು ಅಂದರೆ ಹಾಗಲ್ಲ, ಚಹಾ ಅಂಗಡಿಯಲ್ಲೂ ದನಿ ಏರುತ್ತದೆ. ನಮ್ಮ ಮೂವರಲ್ಲೇ ಮೂರು ಅಭಿಪ್ರಾಯ. ಕೊನೆಗೆ ಚೀಟಿ ಎತ್ತಿದೆವು. ಬಣ್ಣ ಹಚ್ಚಲು ಕೂತಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕೆಂಪು ಕೋಟಿನವರಲ್ಲಿ ಹೆಚ್ಚಿನವರು ಮದರಾಸು, ಬಂಗಾಳದ ಸಿಪಾಯಿಗಳು. ಎರಡೂ ಪಕ್ಷದ ಮುಖಗಳಿಗೆ ಒಂದೇ ಕಂದು ಬಣ್ಣ. ಡಬ್ಬಿಗಳಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಅದೇ.

ಆಮೇಲೆ ಇತಿಹಾಸ ಓದುತ್ತಾ ಹೋದೆವು. 1791ರ ಮಾರ್ಚ್ 21ಕ್ಕೆ ಬೆಂಗಳೂರಿನ ಕೋಟೆ ಕಾರ್ನ್‌ವಾಲಿಸನ ವಶವಾಯಿತು. ಹತ್ತು ವರ್ಷ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದವನೇ ಈತ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ಹೊರಟ. ದಾರಿಯಲ್ಲಿ ಅವನಿಗೆ ಮೇವು, ಕಾಳು ಸಿಗದಂತೆ ಟಿಪ್ಪು ಮಾಡಿಸಿದ್ದ. ಮೇ 15ರಂದು ಅರಕೆರೆ ಬಳಿ ಕಾಳಗವಾಯಿತು. ಗೆದ್ದವನು ಕಾರ್ನ್‌ವಾಲಿಸ್. ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ಆ ಗೆದ್ದವನೇ ಕೋಟೆ ಒಡೆಯಲು ತಂದಿದ್ದ ತನ್ನ ಭಾರೀ ತೋಪುಗಳನ್ನು ತಾನೇ ಹಾಳುಮಾಡಿ ಬೆಂಗಳೂರಿನ ಕಡೆ ತಿರುಗಿದ. ಮಳೆ ಹಿಡಿದಿತ್ತು, ಕಾವೇರಿ ತುಂಬಿತ್ತು, ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ಹಿಂದಿರುಗುವ ದಾರಿಯಲ್ಲಿ ಅವನ ಮಿತ್ರರಾದ ಮರಾಠರು ದವಸದೊಂದಿಗೆ ಎದುರಾದರು. ಅಷ್ಟರಲ್ಲಿ ತೋಪುಗಳು ಹೋಗಿಯಾಗಿತ್ತು.

ಇದನ್ನು ಓದಿ ನಮ್ಮ ನಿಯಮದ ಪುಸ್ತಕ ತೆರೆದರೆ, ತೋಪು ಇಷ್ಟು ಇಂಚು, ಕುದುರೆ ಇಷ್ಟು ಇಂಚು ಎಂದಿತ್ತು. ಅದರಲ್ಲಿ ಯಾರಿಗೂ ಹಸಿವಾಗುವುದಿಲ್ಲ. ಗ್ರಾಮೀಣ ವರದಿಗಾರಿಕೆ ಕಲಿತವರು ನಾವು. ಮೇವಿಲ್ಲದ ಯುದ್ಧ ಹೇಗೆ ಆಡುವುದು?

ನನ್ನೂರು ಅಜ್ಜಂಪುರದ ಕಡೆ, ಅಮೃತಮಹಲ್ ಕಾವಲಿನ ಅಂಚಿನಲ್ಲಿದೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು. ಆ ದನಗಳೇ ಅವನ ಸೈನ್ಯದ ತೋಪು, ಸಾಮಾನು ಎಳೆದದ್ದು. 1799ರ ನಂತರ ಬ್ರಿಟಿಷರೂ ಅದೇ ತಳಿಯನ್ನು ಸೈನ್ಯಕ್ಕಾಗಿ ಸಾಕಿದರು. ಶಾಲೆಯಲ್ಲಿ ನಮಗೆ ಟಿಪ್ಪುವಿನ ರಾಕೆಟ್ ಬಗ್ಗೆ ಹೇಳಿದ್ದರು. ನಾವು ದಿನಾ ತುಳಿಯುತ್ತಿದ್ದ ಹುಲ್ಲಿನ ಬಗ್ಗೆ ಯಾರೂ ಹೇಳಿರಲಿಲ್ಲ.

ಎತ್ತುಗಳನ್ನು ನಾವೇ ಮಾಡಿದೆವು. ಹಾವೇರಿ ಕಡೆಯ ಗೆಳೆಯ ಚಿಕ್ಕಂದಿನಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಪಳಗಿದವನು. ಅವನು ಎಂ-ಸೀಲ್ ನಾದಿ ಮೈ ಮಾಡಿದ, ನಾನು ತೆಳುವಾದ ತಂತಿಯಿಂದ ಹಿಂದಕ್ಕೆ ಬಾಗಿದ ಉದ್ದ ಕೊಂಬು ಕೂರಿಸಿದೆ. ನಿಯಮವೂ ನಮ್ಮದೇ: ಒಂದು ಸರದಿ ಅಂದರೆ ಒಂದು ದಿನ. ಪ್ರತಿ ತೋಪಿಗೆ ನಾಲ್ಕು ಜೋಡಿ ಎತ್ತು, ದಿನಕ್ಕೊಂದು ಹೊರೆ ಮೇವು. ಮೇವಿಲ್ಲದ ದಿನ ದಾಳದಲ್ಲಿ ಒಂದೋ ಎರಡೋ ಬಿದ್ದರೆ ಒಂದು ಜೋಡಿ ಹೋಯಿತು. ಎರಡು ಜೋಡಿಗಿಂತ ಕಡಿಮೆಯಾದರೆ ತೋಪು ಅಲ್ಲೇ ನಿಂತಿತು.

ಮೊದಲ ಆಟ ನಮ್ಮ ಮನೆಯ ಪಡಸಾಲೆಯಲ್ಲೇ ನಡೆಯಿತು. ಅಪ್ಪ ಕೊನೆಯ ಜೋಡಿ ಮಾರಿ ಟಿಲ್ಲರ್ ತಂದು ಎಂಟು ವರ್ಷವಾಯಿತು. ಅಂದಿನಿಂದ ಎತ್ತಿನ ಮಾತು ಎತ್ತಿದವರಲ್ಲ. ಬೊಂಬೆಗಳನ್ನು ನೋಡುತ್ತಾ ಸುಮ್ಮನೆ ನಿಂತಿದ್ದರು. ಮೇಜಿನ ಮೇಲೆ ಮಳೆ ಬಂತು. ಮಾರನೆಯ ಸರದಿಗೆ ನಾನು ತೋಪು ಮುಂದಕ್ಕೆ ಸರಿಸಲು ಕೈ ಚಾಚಿದೆ.

“ನೆಂದ ಹೆಗಲಿಗೆ ನೊಗ ಇಡ್ತೀಯೇನೋ? ಹುಣ್ಣಾಗುತ್ತೆ. ಆಮೇಲೆ ಹದಿನೈದು ದಿನ ಆ ಎತ್ತು ಕೆಲಸಕ್ಕೆ ಬರಲ್ಲ,” ಅಂದರು ಅಪ್ಪ.

ಆಟ ನಿಲ್ಲಿಸಿ ಅದನ್ನೂ ನಿಯಮಕ್ಕೆ ಸೇರಿಸಿದೆವು. ಆಮೇಲೆ ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಯಾವ ಹುಲ್ಲು ತಿಂದರೆ ಹೊಟ್ಟೆ ಉಬ್ಬುತ್ತದೆ, ಜೋಡಿಯಲ್ಲಿ ಒಂದು ಸತ್ತರೆ ಇನ್ನೊಂದು ಹೊಸ ಜೊತೆಗೆ ಹೊಂದಿಕೊಳ್ಳಲು ಎಷ್ಟು ದಿನ ಬೇಕು ಎಂದು ರಾತ್ರಿ ಹತ್ತರವರೆಗೂ ಹೇಳಿದರು. ನಾನು ಬರೆದುಕೊಂಡೆ. ಒಂಬತ್ತನೆಯ ದಿನಕ್ಕೆ ನನ್ನ ಕೆಂಪು ಕೋಟಿನ ಪಡೆಯ ಕಾಲಾಳುಗಳೆಲ್ಲ ಗಟ್ಟಿಯಾಗಿದ್ದರು, ಎಳೆಯುವ ಎತ್ತು ಮಾತ್ರ ಉಳಿದಿರಲಿಲ್ಲ.

ಮುಂದಿನದು 1792ರ ಫೆಬ್ರವರಿ. ಆ ಸಲ ಕಾರ್ನ್‌ವಾಲಿಸ್ ಲಂಬಾಣಿಗರ ಹೇರೆತ್ತುಗಳನ್ನು ಕೂಡಿಸಿಕೊಂಡು ದವಸದ ಸಮೇತ ಬಂದ, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಹೇರು ಹೊತ್ತ ಎತ್ತು ದಿನಕ್ಕೆ ಎಷ್ಟು ದೂರ ನಡೆಯುತ್ತದೆ, ಎಷ್ಟು ನೀರು ಕುಡಿಯುತ್ತದೆ ಎಂದು ಬಲ್ಲ ಹಿರಿಯರು ನಿಮ್ಮ ತಾಂಡಾದಲ್ಲೋ ಊರಲ್ಲೋ ಇದ್ದರೆ ಕೇಳಿ ತಿಳಿಸಿ. ನಮಗೆ ಆಟಕ್ಕೆ ಬೇಕು. ಆಟಕ್ಕಲ್ಲದಿದ್ದರೂ ಬರೆದಿಡಬೇಕು.